ಆಸಟೀಗ್ ದ್ವೀಪದ ಕಾಡುಕುದುರೆಗಳನ್ನು ದೋಣಿಯಿಂದ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಷಿಂಗ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡದವರ ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ನಯಾಗರ, ನ್ಯೂಯಾರ್ಕ್ ಮುಗಿದ ಮೇಲೆ ಮುಂದೆ ಎಲ್ಲಿಗೆ ಎಂಬ ಮಾತು ಬಂದಾಗ, ಯಾರಾದರೊಬ್ಬರು ಕುದುರೆಗಳಿರುವ ದ್ವೀಪದ ಹೆಸರು ಹೇಳುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಕೇಳಿಬರುವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು, ಕೆಲವಕ್ಕೆ ಸಾಲದು.

ಶಿಂಕೊಟೀಗ್ ಮತ್ತು ಆಸಟೀಗ್ ಎರಡೂ ಒಂದೇ ಜಾಗವೇ?

ಬೇರೆ ಬೇರೆ. ಹೋಟೆಲ್ ಕಾಯ್ದಿರಿಸುವ ಮೊದಲೇ ಇದು ಗೊತ್ತಿರಬೇಕು. ಶಿಂಕೊಟೀಗ್ ವರ್ಜೀನಿಯಾದ ಒಂದು ಚಿಕ್ಕ ದ್ವೀಪ, ಸುಮಾರು ಮೂರು ಸಾವಿರ ಜನರಿರುವ ಊರು. ಹೋಟೆಲು, ಅಂಗಡಿ, ದೋಣಿಕಟ್ಟೆ ಎಲ್ಲ ಇರುವುದು ಇಲ್ಲಿ. ಅದರಾಚೆ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ಮಲಗಿರುವ ಉದ್ದನೆಯ ಮರಳುದಿಣ್ಣೆಯೇ ಆಸಟೀಗ್. ಉದ್ದ 37 ಮೈಲಿ, ಅಂದರೆ ಸುಮಾರು 60 ಕಿ.ಮೀ. ಕುದುರೆಗಳಿರುವುದು ಅಲ್ಲಿ. ಎರಡರ ನಡುವೆ ಹರಿಯುವ ನೀರಿಗೆ ಆಸಟೀಗ್ ಚಾನೆಲ್ ಎನ್ನುತ್ತಾರೆ. ದೋಣಿಗಳು ಓಡಾಡುವುದು ಹೆಚ್ಚಾಗಿ ಅದರಲ್ಲೇ.

ಆಸಟೀಗ್‌ನ ಉತ್ತರ ಭಾಗ ಮೇರಿಲ್ಯಾಂಡ್‌ಗೂ ದಕ್ಷಿಣ ಭಾಗ ವರ್ಜೀನಿಯಾಕ್ಕೂ ಸೇರಿದೆ. ರಾಜ್ಯದ ಗಡಿಯಲ್ಲಿ ಬೇಲಿ ಇದೆ. ಆ ಕಡೆಯ ಕುದುರೆ ಈ ಕಡೆ ಬರುವುದಿಲ್ಲ. ನೀವೂ ಅಷ್ಟೇ: ದ್ವೀಪದೊಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಕಾರಿನ ದಾರಿ ಇಲ್ಲ. ಮುಖ್ಯ ನಾಡಿಗೆ ಮರಳಿ, ಸುತ್ತು ಹಾಕಿಕೊಂಡು ಹೋಗಲು ಒಂದು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಎಂದು ಯೋಜನೆ ಹಾಕಿಕೊಂಡವರು ಹೆಚ್ಚು ಹೊತ್ತು ನೋಡುವುದು ಮೆಕ್ಕೆಜೋಳದ ಹೊಲಗಳನ್ನು.

ಇಷ್ಟು ದೊಡ್ಡ ಕಡಲತೀರದಲ್ಲಿ ಮನೆಗಳೇ ಏಕಿಲ್ಲ?

ಬಿರುಗಾಳಿಯ ಕೃಪೆ. 1950ರ ದಶಕದಲ್ಲಿ ಮೇರಿಲ್ಯಾಂಡ್ ಭಾಗದಲ್ಲಿ ರಸ್ತೆ ಹಾಕಿ, ನಿವೇಶನ ವಿಂಗಡಿಸಿ ಮಾರಾಟ ಆರಂಭವಾಗಿತ್ತು. 1962ರ ಮಾರ್ಚ್‌ನ ಬಿರುಗಾಳಿ ಅದನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮೂರು ವರ್ಷಗಳ ನಂತರ, 1965ರಲ್ಲಿ, ದ್ವೀಪವನ್ನು ರಾಷ್ಟ್ರೀಯ ಕಡಲತೀರವೆಂದು ಘೋಷಿಸಿದರು. ವರ್ಜೀನಿಯಾ ಭಾಗ ಅದಕ್ಕೂ ಮೊದಲೇ, 1943ರಿಂದ, ವಲಸೆ ಹಕ್ಕಿಗಳಿಗಾಗಿ ಮೀಸಲಾದ ವನ್ಯಜೀವಿ ಆಶ್ರಯತಾಣವಾಗಿತ್ತು.

ಇವು ನಿಜವಾಗಿಯೂ ಕಾಡುಕುದುರೆಗಳೇ? ಎಲ್ಲಿಂದ ಬಂದವು?

ಮೂಲದಲ್ಲಿ ಸಾಕಿದ ಕುದುರೆಗಳು. ತಲೆಮಾರುಗಳಿಂದ ಮನುಷ್ಯನ ಕೈತಪ್ಪಿ ಬದುಕಿ ಕಾಡಿನವಾಗಿವೆ. ದ್ವೀಪಕ್ಕೆ ಬಂದ ಬಗೆಯ ಬಗ್ಗೆ ಎರಡು ಕಥೆಗಳಿವೆ. ಊರಿನವರಿಗೆ ಅಚ್ಚುಮೆಚ್ಚಾದದ್ದು ಸ್ಪೇನಿನ ಹಡಗಿನ ಕಥೆ: ತೀರದಲ್ಲಿ ಹಡಗು ಒಡೆದು ಮುಳುಗಿತು, ಅದರಲ್ಲಿದ್ದ ಕುದುರೆಗಳು ಈಜಿ ದಡ ಸೇರಿದವು. ಲಾ ಗಾಲ್ಗಾ ಎಂಬ ಸ್ಪೇನಿನ ಹಡಗು 1750ರಲ್ಲಿ ಆಸಟೀಗ್ ಬಳಿ ನಾಶವಾದದ್ದಂತೂ ನಿಜ. ಎರಡನೆಯ ಕಥೆಯಲ್ಲಿ ಅಷ್ಟು ರೋಚಕತೆ ಇಲ್ಲ. 17ನೇ ಶತಮಾನದಲ್ಲಿ ಮುಖ್ಯ ನಾಡಿನ ರೈತರು ಬೇಲಿ ಕಟ್ಟುವ ಖರ್ಚು ಮತ್ತು ಜಾನುವಾರು ತೆರಿಗೆ ತಪ್ಪಿಸಿಕೊಳ್ಳಲು ಕುದುರೆ, ದನಗಳನ್ನು ದ್ವೀಪದಲ್ಲಿ ಮೇಯಲು ಬಿಟ್ಟರು. ಸುತ್ತ ನೀರಿರುವಾಗ ಬೇಲಿ ಯಾರಿಗೆ ಬೇಕು? ತೆರಿಗೆಯ ಕಥೆ ಒಣದಾಗಿದ್ದರೂ ಮನುಷ್ಯ ಸ್ವಭಾವಕ್ಕೆ ಹತ್ತಿರವಾಗಿದೆ ಎಂದು ನನಗೆ ಅನ್ನಿಸುತ್ತಿತ್ತು.

ಆದರೆ 2022ರಲ್ಲಿ ಒಂದು ಹಲ್ಲು ಹಡಗಿನ ಕಥೆಗೆ ಮತ್ತೆ ಜೀವ ಕೊಟ್ಟಿತು. ಹೈಟಿಯಲ್ಲಿ ಪ್ಯೂರ್ಟೊ ರಿಯಲ್ ಎಂಬ 16ನೇ ಶತಮಾನದ ಸ್ಪ್ಯಾನಿಷ್ ಊರಿನ ಅವಶೇಷಗಳಲ್ಲಿ ಸಿಕ್ಕಿದ್ದ, ದನದ್ದೆಂದೇ ಭಾವಿಸಿ ಸಂಗ್ರಹದಲ್ಲಿಟ್ಟಿದ್ದ ಹಲ್ಲು ಕುದುರೆಯದ್ದೆಂದು ಡಿಎನ್‌ಎ ಪರೀಕ್ಷೆಯಲ್ಲಿ ತಿಳಿಯಿತು. ಇಂದು ಬದುಕಿರುವ ತಳಿಗಳಲ್ಲಿ ಅದಕ್ಕೆ ಹತ್ತಿರದ ನೆಂಟರು ಶಿಂಕೊಟೀಗ್‌ನ ಈ ಕುದುರೆಗಳು. ಇದರಿಂದ ಹಡಗು ಒಡೆದದ್ದು ಸಾಬೀತಾಗುವುದಿಲ್ಲ, ಸ್ಪೇನಿನ ರಕ್ತ ಇರುವುದು ಮಾತ್ರ ಗಟ್ಟಿಯಾಗುತ್ತದೆ. ನಂತರದ ಕಾಲದಲ್ಲಿ ಶೆಟ್ಲ್ಯಾಂಡ್, ಅರಬ್ಬಿ, ಮಸ್ಟ್ಯಾಂಗ್ ತಳಿಗಳನ್ನೂ ತಂದು ಬೆರೆಸಿದ್ದಾರೆ. ದೊಡ್ಡ ದೊಡ್ಡ ಬಿಳಿ ಮಚ್ಚೆಗಳ ಮೈಬಣ್ಣ ವರ್ಜೀನಿಯಾ ಕಡೆ ಸಾಮಾನ್ಯವಾಗಿರುವುದು ಈ ಬೆರಕೆಯಿಂದ.

ಕುದುರೆಯೋ ಪೋನಿಯೋ?

ಭುಜದ ಎತ್ತರ ನಾಲ್ಕು ಅಡಿಯ ಆಸುಪಾಸು, ಅಳತೆಯಲ್ಲಿ ಪೋನಿಗಳೇ, ಅಂದರೆ ಗಿಡ್ಡ ತಳಿಯ ಕುದುರೆಗಳು. ವರ್ಜೀನಿಯಾದವರು ಪೋನಿ ಎನ್ನುತ್ತಾರೆ, ಮೇರಿಲ್ಯಾಂಡ್‌ನ ಉದ್ಯಾನದವರು ಕುದುರೆ ಎನ್ನುತ್ತಾರೆ. ನಿಮಗೆ ಬಾಯಿಗೆ ಬಂದದ್ದನ್ನು ಅನ್ನಿ.

ದಡದಿಂದಲೇ ಕಾಣುತ್ತವಂತೆ. ಹಾಗಿದ್ದರೆ ದೋಣಿಗೆ ದುಡ್ಡು ಏಕೆ ಕೊಡಬೇಕು?

ಮೇರಿಲ್ಯಾಂಡ್ ಕಡೆಯಾದರೆ ಪ್ರಶ್ನೆ ಸರಿ. ಅಲ್ಲಿ ಅವಕ್ಕೆ ಬೇಲಿ ಇಲ್ಲ. ವಾಹನ ನಿಲ್ಲಿಸುವ ಜಾಗದಲ್ಲಿ, ಡೇರೆಗಳ ನಡುವೆ, ಸಮುದ್ರದ ಅಲೆಯಂಚಿನಲ್ಲಿ ತಮ್ಮ ಪಾಡಿಗೆ ತಿರುಗುತ್ತವೆ. ಕಾರಿನಲ್ಲಿ ಕುಳಿತೇ ನೋಡಬಹುದು.

ವರ್ಜೀನಿಯಾದಲ್ಲಿ ಹಾಗಲ್ಲ. ಅಲ್ಲಿ ಅವನ್ನು ಎರಡು ವಿಶಾಲ ಜೌಗು ಪ್ರದೇಶಗಳಲ್ಲಿ ಬೇಲಿಯೊಳಗೆ ಇಟ್ಟಿದ್ದಾರೆ. ಕಡಲತೀರಕ್ಕೆ ಹೋಗುವ ರಸ್ತೆಯಿಂದಲೂ, ಪೈನ್ ಮರಗಳ ನಡುವಿನ ಕಾಲುದಾರಿಯ ತುದಿಯಲ್ಲಿರುವ ಅಟ್ಟಣೆಯಿಂದಲೂ ದೂರದಲ್ಲಿ ಕಂದು ಚುಕ್ಕಿಗಳಾಗಿ ಕಂಡರೆ ಕಂಡವು. ಹಿಂದಿನ ಅಂಚು, ಅಂದರೆ ಜೌಗು ನೀರಿಗೆ ಇಳಿಯುವ ಕಡೆ, ರಸ್ತೆಯಿಂದ ಕಾಣುವುದೇ ಇಲ್ಲ. ಅದು ಕಾಣುವುದು ನೀರಿನಿಂದ ಮಾತ್ರ. ದೋಣಿ ಊರಿನ ಕಟ್ಟೆಯಿಂದಲೇ ಹೊರಡುವುದರಿಂದ ಆಶ್ರಯತಾಣದ ಪ್ರವೇಶ ಶುಲ್ಕವೂ ಆ ಹೊತ್ತಿಗೆ ಬೇಕಿಲ್ಲ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ನೆಲದ ಮೇಲೆ ಮನುಷ್ಯರು ಹತ್ತಿರವಾದಷ್ಟೂ ಕುದುರೆ ತನ್ನ ಕೆಲಸ ಬಿಟ್ಟು ಮನುಷ್ಯರನ್ನು ಗಮನಿಸಲು ತೊಡಗುತ್ತದೆ. ನಡುವೆ ನೀರಿದ್ದಾಗ ಅದಕ್ಕೆ ನಿಮ್ಮ ಹಂಗಿಲ್ಲ. ಮೇಯುತ್ತದೆ, ಜಗಳವಾಡುತ್ತದೆ, ಮರಿಗೆ ಹಾಲೂಡುತ್ತದೆ.

ದೋಣಿಯಿಂದ ನಿಜವಾಗಿ ಏನು ಕಾಣುತ್ತದೆ?

ಮೊದಲು ಹುಲ್ಲು ಕಾಣುತ್ತದೆ. ಎಲ್ಲೆಲ್ಲೂ ಹುಲ್ಲು, ಅದರಂಚಿಗೆ ಕಪ್ಪು ಕೆಸರು, ಹಿಂದೆ ಪೈನ್ ಮರಗಳ ಸಾಲು, ಅವುಗಳ ಮೇಲೆ ತಲೆಯೆತ್ತಿದ ಕೆಂಪು ಬಿಳಿ ಪಟ್ಟೆಗಳ ದೀಪಸ್ತಂಭ. ಅದು 1867ರದ್ದು, 142 ಅಡಿ ಎತ್ತರ. ನಂತರ ಯಾರೋ ಕೈ ತೋರಿಸುತ್ತಾರೆ. ದೋಣಿ ನಡೆಸುವವರು ಎಂಜಿನ್ ನಿಲ್ಲಿಸುತ್ತಾರೆ. ಆಗ ಕಿವಿಗೆ ಬೀಳುವುದು ಹುಲ್ಲನ್ನು ಕಿತ್ತು ಎಳೆಯುವ ಸದ್ದು. ಒಂದೊಂದು ಬಾಯಿಗೂ ಚರ್ ಎಂದು ಹರಿಯುವ ಶಬ್ದ, ನಡುವೆ ಮೂಗಿನಿಂದ ಹೊರಬಿಡುವ ಗಾಳಿ. ನೀರು ಸದ್ದನ್ನು ಚೆನ್ನಾಗಿ ಒಯ್ಯುತ್ತದೆ. ಕಣ್ಣಿಗೆ ಇನ್ನೂ ದೂರವಿರುವ ಕುದುರೆ ಕಿವಿಗೆ ಪಕ್ಕದಲ್ಲೇ ಇದ್ದಂತಿರುತ್ತದೆ.

ಒಂದು ಹೆಣ್ಣು ಕುದುರೆ ಹೊಟ್ಟೆಯವರೆಗೆ ನೀರಿನಲ್ಲಿ ನಿಂತಿರುತ್ತದೆ, ಬಾಲ ಮಾತ್ರ ಆಡುತ್ತಿರುತ್ತದೆ. ಬಾಲದ ಕೂದಲು ಒದ್ದೆಯಾಗಿ ಭಾರವಾಗಿರುವುದರಿಂದ ಬೀಸಿದಾಗಲೆಲ್ಲ ಬೆನ್ನಿನ ಮೇಲೆ ನೀರಿನ ಗೆರೆ ಮೂಡುತ್ತದೆ. ಮರಿ ದಡದಲ್ಲೇ ನಿಂತು, ಮುಂಗಾಲೊಂದನ್ನು ಕೆಸರಿಗೆ ಇಟ್ಟು, ಹೂತುಹೋದದ್ದೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೆನ್ನ ಮೇಲೆ ಒಂದೆರಡು ಬೆಳ್ಳಕ್ಕಿಗಳು ಕುಳಿತಿರುವುದೂ ಉಂಟು. ನಮ್ಮ ಗದ್ದೆಗಳಲ್ಲಿ ಎಮ್ಮೆಯ ಮೇಲೆ ಸವಾರಿ ಮಾಡುವ ದನಬೆಳ್ಳಕ್ಕಿಯ ಹತ್ತಿರದ ನೆಂಟನೇ ಅದು.

ಗುಂಪಿನ ಯಜಮಾನ ಗಂಡು ಕುದುರೆಯನ್ನು ಗುರುತಿಸುವುದು ಸುಲಭ. ಸ್ವಲ್ಪ ದೂರದಲ್ಲಿ, ಎಲ್ಲರನ್ನೂ ನೋಡಲು ಅನುಕೂಲವಾದ ಜಾಗದಲ್ಲಿ ನಿಂತಿರುತ್ತದೆ. ಯಾವುದಾದರೂ ಹೆಣ್ಣು ತೀರ ಆಚೆ ಹೋದರೆ ಕಿವಿಗಳನ್ನು ಹಿಂದಕ್ಕೆ ಒತ್ತಿ, ಕತ್ತನ್ನು ನೆಲದ ಮಟ್ಟಕ್ಕೆ ಇಳಿಸಿ, ಅತ್ತಿತ್ತ ಬಳುಕಿಸುತ್ತ ಅದನ್ನು ಅಟ್ಟಿಕೊಂಡು ಬರುತ್ತದೆ. ಕಚ್ಚುವ ಅಗತ್ಯವೇ ಬೀಳುವುದಿಲ್ಲ.

ಕಾಣುವ ಖಾತರಿ ಇದೆಯೇ?

ಇಲ್ಲ. ಆದರೆ ಅದೃಷ್ಟ ಎಂದು ಕೈಚೆಲ್ಲಬೇಕಿಲ್ಲ, ಮೂರು ಸಂಗತಿಗಳನ್ನು ನೋಡಿಕೊಂಡರೆ ಅವಕಾಶ ಹೆಚ್ಚುತ್ತದೆ.

ನೊಣ ಮೊದಲನೆಯದು. ಬೇಸಿಗೆಯಲ್ಲಿ ಇಲ್ಲಿನ ಜೌಗಿನಲ್ಲಿ ಹಸಿರು ಕಣ್ಣಿನ, ಕಚ್ಚುವ ನೊಣಗಳು ಏಳುತ್ತವೆ. ಸೊಳ್ಳೆಗಳ ಕಥೆ ಬೇರೆ ಹೇಳಬೇಕಿಲ್ಲ. ಇವುಗಳಿಂದ ಪಾರಾಗಲು ಕುದುರೆಗಳು ಗಾಳಿ ಬೀಸುವ ಬಯಲಿಗೆ ಬರುತ್ತವೆ, ನೀರಿಗೂ ಇಳಿಯುತ್ತವೆ. ಅಂದರೆ ನಮಗೆ ಹಿಂಸೆಯಾದ ದಿನ ನೋಟ ಚೆನ್ನಾಗಿರುತ್ತದೆ.

ಗಾಳಿಯ ದಿಕ್ಕು ಎರಡನೆಯದು. ಸಾಗರದ ಕಡೆಯಿಂದ ಗಾಳಿ ಬೀಸಿದರೆ ಕಡಲಂಚು ತಂಪಾಗಿ, ನೊಣಗಳಿಲ್ಲದೆ ಇರುತ್ತದೆ. ಪಶ್ಚಿಮದಿಂದ, ನೆಲದ ಮೇಲಿಂದ ಬೀಸಿದರೆ ಅದೇ ಗಾಳಿ ಜೌಗಿನ ನೊಣಗಳನ್ನೆಲ್ಲ ಹೊತ್ತು ತಂದು ತೀರಕ್ಕೆ ಸುರಿಯುತ್ತದೆ. ಹವಾಮಾನ ವರದಿಯಲ್ಲಿ ಮಳೆಯನ್ನಷ್ಟೇ ನೋಡುವವರು ಇಲ್ಲಿ ಗಾಳಿಯನ್ನೂ ನೋಡಬೇಕು.

ಮೂರನೆಯದು ಉಬ್ಬರ ಇಳಿತ. ನೀರು ಇಳಿದಾಗ ದೋಣಿ ತಗ್ಗಿನಲ್ಲಿರುತ್ತದೆ. ಕೆಸರಿನ ದಂಡೆಯೂ ಅದರ ಮೇಲಿನ ಹುಲ್ಲೂ ಸೇರಿ ಕುದುರೆಗಳ ಕಾಲನ್ನೂ, ಮರಿಯಾದರೆ ಇಡೀ ಮೈಯನ್ನೂ ಮರೆಮಾಡುತ್ತವೆ. ನೀರು ಏರಿದಾಗ ನಿಮ್ಮ ಕಣ್ಣಿನ ಮಟ್ಟವೂ ಏರುತ್ತದೆ, ಒಳಗಿನ ಸಣ್ಣ ಕಾಲುವೆಗಳಿಗೂ ದೋಣಿ ನುಗ್ಗುತ್ತದೆ. ಬೆಳಗಿನ ಅಥವಾ ಸಂಜೆಯ ಉಬ್ಬರ ಸಿಕ್ಕರೆ ಬಿಡಬೇಡಿ. ನಡುಮಧ್ಯಾಹ್ನ ಅವು ಮರದ ನೆರಳಿಗೆ ಹೋದರೆ ಯಾವ ಉಬ್ಬರವೂ ಉಪಯೋಗಕ್ಕೆ ಬಾರದು.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ನನ್ನ ಆಯ್ಕೆ. ಹೆಚ್ಚಿನ ಮರಿಗಳು ವಸಂತದಲ್ಲಿ ಹುಟ್ಟಿರುತ್ತವೆ, ಶಾಲೆಯ ರಜೆಯ ಜನ ಇನ್ನೂ ಬಂದಿರುವುದಿಲ್ಲ, ಸೊಳ್ಳೆಗಳು ತುದಿ ಮುಟ್ಟಿರುವುದಿಲ್ಲ. ಸೆಪ್ಟೆಂಬರ್ ಕೂಡ ಚೆನ್ನ: ನೀರು ಬೆಚ್ಚಗಿರುತ್ತದೆ, ಹೋಟೆಲ್ ಬೆಲೆ ಇಳಿದಿರುತ್ತದೆ. ಚಂಡಮಾರುತದ ಕಾಲ ಎಂಬುದನ್ನು ಮಾತ್ರ ಮರೆಯಬಾರದು. ಚಳಿಗಾಲದಲ್ಲಿ ಕುದುರೆಗಳಿಗೆ ದಟ್ಟ ಕೂದಲು ಬಂದು ಕರಡಿಮರಿಗಳ ಹಾಗೆ ಕಾಣುತ್ತವೆ, ಆದರೆ ಆಗ ಹೆಚ್ಚಿನ ದೋಣಿಗಳು ದಡ ಸೇರಿರುತ್ತವೆ.

ಯಾವ ದೋಣಿ ಹಿಡಿಯಬೇಕು?

ಚಿಕ್ಕದನ್ನು. ಆರು ಜನರನ್ನು ಕೂರಿಸುವ ದೋಣಿಗಳು ಶಿಂಕೊಟೀಗ್‌ನಲ್ಲಿ ಬಹಳ. ಆರೇ ಏಕೆ ಎಂದರೆ ಅಮೆರಿಕದ ಕರಾವಳಿ ಕಾವಲು ಪಡೆಯ ನಿಯಮ ಹಾಗಿದೆ. ಹಣ ಕೊಟ್ಟು ಬರುವವರು ಆರಕ್ಕಿಂತ ಹೆಚ್ಚಾದರೆ ದೋಣಿಗೆ ಬೇರೆಯೇ ತಪಾಸಣೆ, ಬೇರೆಯೇ ಪ್ರಮಾಣಪತ್ರ ಬೇಕು. ಚಿಕ್ಕ ದೋಣಿಯ ತಳ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಆದ್ದರಿಂದ ದಂಡೆಯ ಪಕ್ಕದಲ್ಲೇ ಸಾಗುತ್ತದೆ. ನಡೆಸುವವರು ಬಹುಪಾಲು ಇಲ್ಲಿಯೇ ಏಡಿ, ಸಿಂಪಿ ಹಿಡಿದು ಬೆಳೆದ ಕುಟುಂಬಗಳವರು. ಯಾವ ಗುಂಪು ನಿನ್ನೆ ಎಲ್ಲಿತ್ತು, ಯಾವ ಮರಿ ಯಾವ ತಾಯಿಯದ್ದು ಎಂಬುದು ಅವರಿಗೆ ಗೊತ್ತಿರುತ್ತದೆ. ಒಂದೂವರೆ, ಎರಡು ಗಂಟೆಯ ಪ್ರಯಾಣ ಸಾಮಾನ್ಯ.

ಹೆಚ್ಚು ಜನ ಹಿಡಿಸುವ ದೋಣಿಗಳಲ್ಲಿ ದರ ಕಡಿಮೆ, ಕೂರಲು ಅನುಕೂಲ ಹೆಚ್ಚು. ದೊಡ್ಡ ಕುಟುಂಬಕ್ಕೆ ಅದೇ ಸರಿಹೋಗಬಹುದು. ಮುಂಗಡ ಕಾಯ್ದಿರಿಸುವಾಗ ಎರಡು ಮಾತು ಕೇಳಿ: ಹವಾಮಾನ ಕೆಟ್ಟರೆ ಹಣ ಮರಳಿ ಕೊಡುತ್ತಾರೆಯೇ, ಮತ್ತು ಅಂದು ಉಬ್ಬರ ಎಷ್ಟು ಗಂಟೆಗೆ. ಎರಡನೆಯ ಪ್ರಶ್ನೆ ಕೇಳಿದರೆ ದೋಣಿಯವರ ದನಿಯೇ ಬದಲಾಗುತ್ತದೆ.

ಕುದುರೆ ಕಾಣದಿದ್ದರೂ ಪ್ರಯಾಣ ಬರಿದಾಗುವುದಿಲ್ಲ. ಮೀನು ಹೊತ್ತು ಹಾರುವ ಮೀನುಡೇಗೆ, ಬೋಳುತಲೆ ಹದ್ದು, ಕಂದು ಪೆಲಿಕನ್, ಕೆಲವೊಮ್ಮೆ ಡಾಲ್ಫಿನ್‌ಗಳು ಸಿಗುತ್ತವೆ.

ಸ್ವಂತವಾಗಿ ಕಯಾಕ್ ಹುಟ್ಟು ಹಾಕಿಕೊಂಡು ಹೋಗಬಹುದೇ?

ಹೋಗಬಹುದು. ಹೊಸಬರಿಗೆ ಮೇರಿಲ್ಯಾಂಡ್ ಕಡೆಯ ಕೊಲ್ಲಿ ಒಳ್ಳೆಯದು. ಅಲ್ಲಿ ನೀರು ಬಹಳ ಕಡೆ ಸೊಂಟದ ಆಳ, ಕಯಾಕ್ ಇಳಿಸಲು ನಿಗದಿತ ಜಾಗಗಳಿವೆ, ಬೇಸಿಗೆಯಲ್ಲಿ ಬಾಡಿಗೆಗೂ ಸಿಗುತ್ತವೆ. ಶಿಂಕೊಟೀಗ್ ಕಡೆಯ ಚಾನೆಲ್‌ನಲ್ಲಿ ಉಬ್ಬರ ಇಳಿತದ ಸೆಳೆತ ಜೋರು, ಮೋಟಾರು ದೋಣಿಗಳ ಓಡಾಟವೂ ಇದೆ. ಹೋಗುವಾಗ ಗಾಳಿ ಎದುರಿಗಿರಲಿ, ಬರುವಾಗ ಬೆನ್ನಿಗಿರಲಿ. ತಿರುಗುಮುರುಗಾದರೆ ದಣಿದ ತೋಳುಗಳಿಗೆ ಕೊನೆಯ ಅರ್ಧ ಗಂಟೆ ಭಾರವಾಗುತ್ತದೆ. ಜೀವರಕ್ಷಕ ಜಾಕೆಟ್ ಮಕ್ಕಳಿಗಷ್ಟೇ ಅಲ್ಲ, ನಿಮಗೂ.

ಆಶ್ರಯತಾಣದ ದಡದಲ್ಲಿ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಇಳಿದರೂ ಸುಖವಿಲ್ಲ: ಜೌಗಿನ ಕೆಸರು ಮೊಣಕಾಲಿನವರೆಗೆ ಎಳೆದುಕೊಂಡು, ಚಪ್ಪಲಿಯನ್ನು ತಾನೇ ಇಟ್ಟುಕೊಳ್ಳುತ್ತದೆ.

ಎಲ್ಲ ಕುದುರೆಗಳ ಹೊಟ್ಟೆಯೂ ಉಬ್ಬಿದೆಯಲ್ಲ, ಎಲ್ಲವೂ ಗಬ್ಬವೇ?

ಗಂಡು ಕುದುರೆಗಳ ಹೊಟ್ಟೆಯೂ ಉಬ್ಬಿರುವುದನ್ನು ಗಮನಿಸಿ! ಇದು ಉಪ್ಪಿನ ಕೆಲಸ. ಅವುಗಳ ಮುಖ್ಯ ಆಹಾರ ಉಪ್ಪುನೀರಿನ ಜೌಗಿನಲ್ಲಿ ಬೆಳೆಯುವ ಒರಟು ಹುಲ್ಲು. ಹುಲ್ಲಿನೊಡನೆ ಉಪ್ಪೂ ಒಳಗೆ ಹೋಗುವುದರಿಂದ ಸಾಕಿದ ಕುದುರೆಗಿಂತ ಸುಮಾರು ಎರಡು ಪಟ್ಟು ಸಿಹಿನೀರು ಕುಡಿಯುತ್ತವೆ. ಆ ನೀರಿನ ಉಬ್ಬರವೇ ಹೊಟ್ಟೆಯಲ್ಲಿ ಕಾಣುವುದು. ಸಿಹಿನೀರು ಸಿಗುವುದು ದ್ವೀಪದೊಳಗಿನ ಮಳೆನೀರಿನ ಹೊಂಡಗಳಲ್ಲಿ.

ಹತ್ತಿರ ಹೋಗಿ ಮುಟ್ಟಬಹುದೇ? ಬಾಳೆಹಣ್ಣು, ಕ್ಯಾರೆಟ್ ಕೊಡಬಹುದೇ?

ಬೇಡ. ಎರಡೂ ಕಾನೂನಿಗೆ ವಿರುದ್ಧ. ಮೇರಿಲ್ಯಾಂಡ್‌ನಲ್ಲಿ ಕನಿಷ್ಠ 40 ಅಡಿ ದೂರವಿರಬೇಕೆಂಬ ನಿಯಮವಿದೆ. ಕುದುರೆ ತಾನಾಗಿ ನಿಮ್ಮತ್ತ ಬಂದರೆ ಹಿಂದೆ ಸರಿಯಬೇಕಾದವರು ನೀವು.

ಪಶು ಪಕ್ಷಿಗಳಿಗೆ ಏನಾದರೂ ಹಾಕುವುದು ನಮ್ಮಲ್ಲಿ ಪುಣ್ಯದ ಕೆಲಸ, ಹಿರಿಯರಿಗೆ ಕೈ ತಡೆಯುವುದಿಲ್ಲ. ಆದರೆ ಇಲ್ಲಿ ಆ ತುತ್ತಿನ ಬೆಲೆಯನ್ನು ತೆರುವುದು ಕುದುರೆ. ಒಮ್ಮೆ ರುಚಿ ಹತ್ತಿದರೆ ರಸ್ತೆ ಬದಿಯಲ್ಲಿ ಕಾರುಗಳನ್ನು ಕಾಯುತ್ತ ನಿಲ್ಲುತ್ತದೆ. ಹಾಗೆ ನಿಂತವು ವಾಹನಗಳಿಗೆ ಸಿಕ್ಕಿ ಸತ್ತಿವೆ. ಇನ್ನು ಕೆಲವು ಡೇರೆಗಳಿಗೆ ನುಗ್ಗಿ ತಿಂಡಿ ಪೆಟ್ಟಿಗೆ ಕೆಡವುತ್ತವೆ, ತಡೆದರೆ ಒದೆಯುತ್ತವೆ. ಹೀಗೆ ಜನರ ಮೇಲೆ ಏರಿಬರತೊಡಗಿದ ಒಂದು ಗಂಡು ಕುದುರೆಯನ್ನು 2022ರಲ್ಲಿ ದ್ವೀಪದಿಂದಲೇ ಎತ್ತಿ, ಟೆಕ್ಸಸ್‌ನ ಪ್ರಾಣಿ ಆಶ್ರಯಧಾಮಕ್ಕೆ ಕಳಿಸಬೇಕಾಯಿತು. ಮಾವನವರಿಗೆ ಇದನ್ನು ದೋಣಿ ಹತ್ತುವ ಮೊದಲೇ ಹೇಳಿಬಿಡಿ, ಚೀಲದಲ್ಲಿ ಬಾಳೆಹಣ್ಣು ಇದ್ದೇ ಇರುತ್ತದೆ.

ಜುಲೈನಲ್ಲಿ ಕುದುರೆಗಳು ಈಜುತ್ತವಂತೆ, ಅದನ್ನೇ ನೋಡಬೇಕಲ್ಲವೇ?

ಇದೇ ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವರ್ಜೀನಿಯಾ ಕಡೆಯ ಕುದುರೆಗಳ ಮಾಲೀಕತ್ವ ಇರುವುದು ಶಿಂಕೊಟೀಗ್‌ನ ಸ್ವಯಂಸೇವಕ ಅಗ್ನಿಶಾಮಕ ದಳದ ಬಳಿ. 1920ರ ದಶಕದಲ್ಲಿ ಊರು ದೊಡ್ಡ ಬೆಂಕಿಗಳಿಗೆ ತುತ್ತಾಗಿ, ದಳ ಕಟ್ಟಿಕೊಂಡು, ಯಂತ್ರ ಕೊಳ್ಳಲು ಹಣವಿಲ್ಲದಾಗ, 1925ರಲ್ಲಿ ಕುದುರೆ ಹರಾಜನ್ನು ಜಾತ್ರೆಯ ಜೊತೆ ಸೇರಿಸಿದರು. ಅಂದಿನಿಂದ ಸಾಮಾನ್ಯವಾಗಿ ಜುಲೈ ಕೊನೆಯ ಬುಧವಾರ ಕುದುರೆಗಳನ್ನು ಆಸಟೀಗ್‌ನಿಂದ ಶಿಂಕೊಟೀಗ್‌ಗೆ ಈಜಿಸುತ್ತಾರೆ. ಕೊರೋನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಈಜು ರದ್ದಾಗಿ ಹರಾಜು ಅಂತರ್ಜಾಲದಲ್ಲಿ ನಡೆಯಿತು.

ಈಜಿನ ಹಿಂದಿನ ವಾರಾಂತ್ಯದಲ್ಲೇ ಕುದುರೆ ಸವಾರರು ಜೌಗಿನಲ್ಲಿ ತಿರುಗಿ ಗುಂಪುಗಳನ್ನು ಒಟ್ಟುಗೂಡಿಸುತ್ತಾರೆ. ಇವರಿಗೆ ಉಪ್ಪುನೀರಿನ ಕೌಬಾಯ್‌ಗಳೆಂದೇ ಹೆಸರು. ಸೋಮವಾರ ನಸುಕಿನಲ್ಲಿ ಉತ್ತರದ ಗುಂಪನ್ನು ಸಾಗರ ತೀರದ ಮರಳಿನ ಮೇಲೆ ನಡೆಸಿಕೊಂಡು ಬರುತ್ತಾರೆ. ಬುಧವಾರ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ನಿಶ್ಚಲವಾಗುವ ಹೊತ್ತು ನೋಡಿ ಕುದುರೆಗಳನ್ನು ಚಾನೆಲ್‌ಗೆ ಇಳಿಸುತ್ತಾರೆ. ಆ ಹೊತ್ತು ಪ್ರತಿ ವರ್ಷ ಬದಲಾಗುತ್ತದೆ. ಈಜು ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ಮೊದಲು ದಡ ಮುಟ್ಟಿದ ಮರಿಗೆ ಸಾಗರದೇವ ನೆಪ್ಚೂನ್‌ನ ಹೆಸರಿನಲ್ಲಿ ರಾಜ ಅಥವಾ ರಾಣಿ ಪಟ್ಟ ಕಟ್ಟಿ, ಅದನ್ನು ಲಾಟರಿ ಎತ್ತಿ ಕೊಡುತ್ತಾರೆ. ಗುರುವಾರ ಮರಿಗಳ ಹರಾಜು, ಶುಕ್ರವಾರ ಉಳಿದವು ಈಜಿಕೊಂಡು ಮರಳುತ್ತವೆ. ಕೆಲವು ಮರಿಗಳನ್ನು ಕೊಂಡವರು ಮನೆಗೆ ಒಯ್ಯದೆ ದ್ವೀಪಕ್ಕೇ ಬಿಟ್ಟುಕೊಡುವ ಷರತ್ತಿನ ಮೇಲೆ ಬಿಡ್ ಮಾಡುತ್ತಾರೆ. ಬೆಲೆ ಸಾವಿರಾರು ಡಾಲರ್.

ನೋಡಬೇಕೇ ಎಂದರೆ, ಕುಟುಂಬ ಸಮೇತ ಹೋಗುವವರಿಗೆ ನನ್ನ ಸಲಹೆ ಬೇಡ ಎಂದೇ. ಹತ್ತಾರು ಸಾವಿರ ಜನ ಸೇರುತ್ತಾರೆ. ಮೂರು ಸಾವಿರ ಜನರ ಊರು ಅದು! ದಡದಲ್ಲಿ ಜಾಗ ಹಿಡಿಯಲು ಕತ್ತಲಲ್ಲೇ ಬಂದು, ಕೆಸರಿನಲ್ಲಿ ನಿಂತು, ಗಂಟೆಗಟ್ಟಲೆ ಕಾದು ಐದು ನಿಮಿಷ ನೋಡಬೇಕು. ದೋಣಿಯಲ್ಲಾದರೂ ಅಷ್ಟೇ: ಆ ದಿನದ ಸ್ಥಾನಗಳು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತವೆ, ಕರಾವಳಿ ಕಾವಲು ಪಡೆ ಹಾಕಿದ ಗೆರೆಯಾಚೆ ಲಂಗರು ಹಾಕಿ ಬಿಸಿಲಲ್ಲಿ ಕೂರಬೇಕು. ಜಾತ್ರೆಯೇ ಬೇಕೆನ್ನುವವರು ಖಂಡಿತ ಹೋಗಲಿ, ಅದು ಒಳ್ಳೆಯ ಜಾತ್ರೆ. ಕುದುರೆ ನೋಡಬೇಕೆನ್ನುವವರಿಗೆ ಜೂನ್‌ನ ಯಾವುದೋ ಮಂಗಳವಾರದ ಸಂಜೆಯೇ ಲೇಸು. ನಡುದಾರಿಯೊಂದಿದೆ: ಶುಕ್ರವಾರದ ಮರಳು ಈಜಿಗೆ ಜನ ಕಡಿಮೆ.

ಹೀಗೆ ಈಜಿಸುವುದು ಹಿಂಸೆಯಲ್ಲವೇ?

ಪ್ರಾಣಿದಯೆಯವರು ಬಹಳ ಕಾಲದಿಂದ ಕೇಳುತ್ತಿರುವ ಪ್ರಶ್ನೆ. ಈಜಿನ ಬಗ್ಗೆ ನನಗೆ ಹೆಚ್ಚು ಆಕ್ಷೇಪವಿಲ್ಲ. ಕುದುರೆಗಳು ಒಳ್ಳೆಯ ಈಜುಗಾರರು, ದೂರ ಕಡಿಮೆ, ಪಶುವೈದ್ಯರು ನೋಡಿದ ಮೇಲೇ ಇಳಿಸುತ್ತಾರೆ, ತೀರ ಎಳೆಯ ಮರಿಗಳನ್ನೂ ಅಶಕ್ತವಾದವನ್ನೂ ವಾಹನದಲ್ಲಿ ಸಾಗಿಸುತ್ತಾರೆ. ಮನಸ್ಸಿಗೆ ಮುಳ್ಳಾಗುವುದು ಮರುದಿನದ ದೃಶ್ಯ: ಕೆಲವೇ ತಿಂಗಳ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಹರಾಜು ಕಟ್ಟೆಗೆ ತರುವುದು. ಎರಡೂ ಕಡೆಯಿಂದ ಕೆನೆತ ಕೇಳಿಸುತ್ತಿರುತ್ತದೆ.

ಇನ್ನೊಂದು ಮುಖವೂ ಇದೆ. ಆಶ್ರಯತಾಣದ ಪರವಾನಗಿಯ ಪ್ರಕಾರ ಅಲ್ಲಿ ಮೇಯಬಹುದಾದ ವಯಸ್ಕ ಕುದುರೆಗಳು 150 ಮಾತ್ರ. ಪ್ರತಿ ವರ್ಷದ ಮರಿಗಳೆಲ್ಲ ಉಳಿದರೆ ಜೌಗಿನ ಹುಲ್ಲು ಸಾಲುವುದಿಲ್ಲ, ಹಕ್ಕಿಗಳ ನೆಲೆಯೂ ಕೆಡುತ್ತದೆ. ಹರಾಜಿನ ಹಣದಿಂದಲೇ ಅವುಗಳ ಲಸಿಕೆ, ಔಷಧದ ಖರ್ಚು ನಡೆಯುತ್ತದೆ.

ಬೇರೆ ದಾರಿ ಇಲ್ಲವೇ ಎಂದರೆ, ಅದೇ ದ್ವೀಪದ ಮೇರಿಲ್ಯಾಂಡ್ ಕಡೆ ಇದೆ. 1968ರಲ್ಲಿ ಅಲ್ಲಿ 28 ಕುದುರೆಗಳಿದ್ದವು. ಸಂಖ್ಯೆ ಏರುತ್ತ ಹೋಗಿ ದ್ವೀಪಕ್ಕೆ ಭಾರವಾದಾಗ, 1994ರಿಂದ ಹೆಣ್ಣು ಕುದುರೆಗಳಿಗೆ ದೂರದಿಂದ ಬಾಣದಂಥ ಚುಚ್ಚುಮದ್ದು ಹಾರಿಸಿ ಗರ್ಭನಿರೋಧಕ ಲಸಿಕೆ ಕೊಡತೊಡಗಿದರು. 80ರಿಂದ 100ರೊಳಗೆ ಇಡುವುದು ಗುರಿ. ಹಿಡಿಯುವುದಿಲ್ಲ, ಮಾರುವುದಿಲ್ಲ. ಆದರೆ ಕಾಯಿಲೆ ಬಂದರೆ ಚಿಕಿತ್ಸೆಯೂ ಇಲ್ಲ. ಕಾಡುಪ್ರಾಣಿ ಎಂದಮೇಲೆ ಕಾಡಿನ ನ್ಯಾಯ. ಒಂದೇ ಬೇಲಿಯ ಎರಡು ಬದಿಗೆ ಎರಡು ಧರ್ಮ. ನನಗೆ ಮೇರಿಲ್ಯಾಂಡ್ ರೀತಿ ಹೆಚ್ಚು ಒಪ್ಪುತ್ತದೆ.

ವಯಸ್ಸಾದವರಿಗೆ ದೋಣಿ ಪ್ರಯಾಣ ಕಷ್ಟವೇ? ವಾಂತಿ ಬರುತ್ತದೆಯೇ?

ದೋಣಿ ಸಾಗರಕ್ಕೆ ಹೋಗುವುದಿಲ್ಲ, ದ್ವೀಪದ ಒಳಮಗ್ಗುಲಲ್ಲೇ ಸಾಗುತ್ತದೆ. ಅಲ್ಲಿ ಅಲೆ ಕಡಿಮೆ, ವಾಂತಿಯ ಭಯ ಹೆಚ್ಚಿಲ್ಲ. ಕಷ್ಟವಿರುವುದು ಹತ್ತಿ ಇಳಿಯುವಲ್ಲಿ. ನೀರು ಇಳಿದಾಗ ಕಟ್ಟೆಗೂ ದೋಣಿಗೂ ಎರಡು ಮೂರು ಅಡಿ ಅಂತರವಾಗುತ್ತದೆ. ಮಂಡಿ ನೋವಿನವರಿದ್ದರೆ ಮೆಟ್ಟಿಲಿದೆಯೇ ಎಂದು ಮೊದಲೇ ವಿಚಾರಿಸಿ. ಸೀರೆಗಿಂತ ಚೂಡಿದಾರ ಅನುಕೂಲ. ಚಿಕ್ಕ ದೋಣಿಗಳಲ್ಲಿ ಸಾಮಾನ್ಯವಾಗಿ ಶೌಚಾಲಯ ಇರುವುದಿಲ್ಲ. ಸಕ್ಕರೆ ಕಾಯಿಲೆಯವರು ಇದನ್ನು ಕೇಳಲು ಸಂಕೋಚಪಡುತ್ತಾರೆ, ಅವರ ಪರವಾಗಿ ನೀವೇ ಕೇಳಿ. ಟೋಪಿ, ನೀರು, ಉದ್ದ ತೋಳಿನ ಅಂಗಿ, ಕೀಟ ನಿವಾರಕ ಇರಲಿ. ದೋಣಿಯ ನಂತರ ಕಾಡಿನ ದಾರಿಯಲ್ಲಿ ನಡೆದರೆ ಸಂಜೆ ಕಾಲುಗಳಿಗೆ ರಕ್ತ ಹೀರುವ ಉಣ್ಣೆಹುಳು ಅಂಟಿದೆಯೇ ನೋಡಿಕೊಳ್ಳಿ.

ಸಸ್ಯಾಹಾರ ಸಿಗುತ್ತದೆಯೇ?

ಸಿಂಪಿ ಮತ್ತು ಏಡಿಗೆ ಹೆಸರಾದ ಊರು. ಪಿಜ್ಜಾ, ಹುರಿದ ಆಲೂಗಡ್ಡೆ, ಐಸ್‌ಕ್ರೀಮ್ ಸಿಗುತ್ತವೆ. ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋದವರು ನೆಮ್ಮದಿಯಾಗಿರುತ್ತಾರೆ.

ಫೋಟೊಗೆ ಮೊಬೈಲ್ ಸಾಕೇ?

ಸಾಲದು, ದೋಣಿ ದೂರದಲ್ಲೇ ಇರುತ್ತದೆ. 300 ಮಿ.ಮೀ. ಲೆನ್ಸ್ ಇದ್ದರೆ ತನ್ನಿ. ನನ್ನ ಮಾತು ಕೇಳುವುದಾದರೆ ಕ್ಯಾಮೆರಾಕ್ಕಿಂತ ಬೈನಾಕ್ಯುಲರ್ ಮೇಲು, ಅದರಲ್ಲೂ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು. ಹನ್ನೆರಡು ಪಟ್ಟಿನದಾದರೆ ದೋಣಿಯ ಅಲುಗಾಟವೂ ಹನ್ನೆರಡು ಪಟ್ಟಾಗುತ್ತದೆ. ಡ್ರೋನ್ ಹಾರಿಸುವುದು ನಿಷಿದ್ಧ.

ನಾಯಿಯನ್ನು ಕರೆತರಬಹುದೇ?

ವರ್ಜೀನಿಯಾದ ಆಶ್ರಯತಾಣದೊಳಗೆ ಕಾರಿನಲ್ಲಿ ಕೂರಿಸಿಕೊಂಡೂ ತರುವಂತಿಲ್ಲ.

ವಾಷಿಂಗ್ಟನ್‌ನಿಂದ ಹೋಗುವುದು ಹೇಗೆ? ದಾರಿಯಲ್ಲಿ ಏನಿದೆ?

ಕಾರಿನಲ್ಲಿ ಮೂರರಿಂದ ನಾಲ್ಕು ಗಂಟೆ. ಚೆಸಪೀಕ್ ಕೊಲ್ಲಿಯ ಸೇತುವೆ ದಾಟಿ, ಸಾಲ್ಸ್‌ಬರಿ ಮೂಲಕ. ಬೇಸಿಗೆಯ ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಆ ಸೇತುವೆಯ ಮೇಲೆ ವಾಹನಗಳು ತೆವಳುತ್ತವೆ.

ಶಿಂಕೊಟೀಗ್ ತಲುಪುವ ಸ್ವಲ್ಪ ಮೊದಲು ದೊಡ್ಡ ದೊಡ್ಡ ಆಂಟೆನಾಗಳು ಕಾಣುತ್ತವೆ. ಅದು ನಾಸಾದ ವಾಲಪ್ಸ್ ರಾಕೆಟ್ ಉಡಾವಣಾ ಕೇಂದ್ರ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಭಾರತದ ಮೊದಲ ರಾಕೆಟ್ ಹಾರುವ ಮುನ್ನ ತರಬೇತಿಗೆ ಬಂದವರಲ್ಲಿ ಅಬ್ದುಲ್ ಕಲಾಂ ಒಬ್ಬರು. ಇಲ್ಲಿನ ಸ್ವಾಗತ ಕೊಠಡಿಯ ಗೋಡೆಯಲ್ಲಿ ಬ್ರಿಟಿಷರ ಮೇಲೆ ರಾಕೆಟ್ ಹಾರಿಸುತ್ತಿರುವ ಟಿಪ್ಪು ಸುಲ್ತಾನನ ಸೈನ್ಯದ ಚಿತ್ರವನ್ನು ಕಂಡದ್ದಾಗಿ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಶ್ರೀರಂಗಪಟ್ಟಣದ ರಾಕೆಟ್ಟು ಈ ಜೌಗಿನ ಪಕ್ಕದ ಗೋಡೆ ಹತ್ತಿದ್ದು ಕೇಳಿದರೆ ಮೈಸೂರು ಕಡೆಯ ಮಾವನವರು ಕುದುರೆಗಳನ್ನು ಮರೆತು ಇಲ್ಲೇ ಇಳಿಯುತ್ತಾರೆ. ರಸ್ತೆ ಬದಿಯಲ್ಲೇ ಪ್ರವಾಸಿಗರ ಕೇಂದ್ರವಿದೆ, ಅರ್ಧ ಗಂಟೆ ಇಟ್ಟುಕೊಳ್ಳಿ.

ಭಾರತದಲ್ಲಿ ಇಂಥ ಕುದುರೆಗಳನ್ನು ನೋಡಬಹುದೇ?

ಎರಡು ಕಡೆ. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯ ಕೋಡಿಯಕ್ಕರೈ ಅಭಯಾರಣ್ಯದ ಬಯಲುಗಳಲ್ಲಿ ಕೃಷ್ಣಮೃಗಗಳ ಜೊತೆ ಕಾಡಾದ ಚಿಕ್ಕ ಕುದುರೆಗಳು ಮೇಯುತ್ತವೆ. ಕರಾವಳಿಯೇ ಆದರೂ ಅವನ್ನು ನೋಡುವುದು ನೆಲದ ಮೇಲಿಂದ. ದೋಣಿಯಿಂದಲೇ ನೋಡಬೇಕೆಂದರೆ ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ದಿಬ್ರು ಸೈಖೋವಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಎರಡನೇ ಮಹಾಯುದ್ಧದ ಸೈನ್ಯ ಬಿಟ್ಟುಹೋದ ಕುದುರೆಗಳ ಸಂತತಿ ಎಂದು ಹೇಳಲಾಗುವ ಗುಂಪುಗಳು ಬ್ರಹ್ಮಪುತ್ರದ ಮರಳುದಿಣ್ಣೆಗಳಲ್ಲಿವೆ. ಗುಯಿಜಾನ್ ಘಾಟಿನಿಂದ ದೋಣಿಗಳು ಹೊರಡುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಹೋಗಬೇಕು. ಮಳೆಗಾಲದಲ್ಲಿ ಆ ದಿಣ್ಣೆಗಳಲ್ಲಿ ಬಹಳಷ್ಟು ನೀರಿನಡಿ ಇರುತ್ತವೆ.